ಮಣ್ಣು ಬೇಡದ ಸೀತಾಳಿ

ನನ್ನ ಬಾಯಿಂದ ಮೊದಲ ಸಲ ರಕ್ತ ಬಂದದ್ದು ಹೋಳಿಗೆಯ ಕಣಕದ ಮೇಲೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅವತ್ತು ಹಬ್ಬ. ನಾನು ಪರಾತ ಮುಂದಿಟ್ಟುಕೊಂಡು ಕಣಕ ನಾದುತ್ತಿದ್ದೆ. ಕೆಮ್ಮು ಬಂತು, ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಇಳಕಲ್ಲಿನ ಸೆರಗು ಮೊದಲೇ ಕೆಂಪು, ಅದರಲ್ಲಿ ಏನೂ ಕಾಣಲಿಲ್ಲ. ಆದರೆ ಒಂದು ಹನಿ ತಪ್ಪಿಸಿಕೊಂಡು ಪರಾತದೊಳಗೆ ಬಿದ್ದಿತ್ತು.

ಅದನ್ನು ಮೊದಲು ಕಂಡವಳು ಚನ್ನಕ್ಕ. ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ನೆಗೆಣ್ಣಿ. ಅತ್ತೆ ತೀರಿಕೊಂಡ ಮೇಲೆ ಆ ದೊಡ್ಡ ಅರಳೆ ವ್ಯಾಪಾರದ ಮನೆಯ ಕೀಲಿಗೊಂಚಲು ಅವಳ ಸೊಂಟದಲ್ಲಿತ್ತು.

"ಅದೇನ ಅದು, ಕೆಂಪಂದು?" ಅಂದಳು.

"ಕುಂಕುಮ ಬಿದ್ದಿರಬೇಕ್ರಿ ಅಕ್ಕಾ."

"ಕುಂಕುಮ ಹಿಂಗ ಹರಿಯೂದಿಲ್ಲ."

ಪರಾತವನ್ನೇ ಎತ್ತಿಕೊಂಡು ಹೋಗಿ ಕಣಕವನ್ನೆಲ್ಲ ತಿಪ್ಪೆಗೆ ಸುರುವಿದಳು. ಮನೆಮಂದಿ ಹಬ್ಬದ ದಿನ ಅನ್ನ ಸಾರು ಉಂಡರು. ಹೋಳಿಗೆ ಯಾಕಿಲ್ಲ ಎಂದು ಅವಳ ಗಂಡುಮಕ್ಕಳು ಕೇಳಿದಾಗ ನನ್ನ ಕಡೆ ಬೆರಳು ಮಾಡಿದಳು. ಆ ಬೆರಳನ್ನು ನಾನು ಇನ್ನೂ ಮರೆತಿಲ್ಲ. ಮರೆಯುವ ಮನಸ್ಸೂ ನನಗಿಲ್ಲ.

ಈ ಬೇನೆಯಿಂದ ಎದ್ದು ಬಂದವರು ಇನ್ನೊಬ್ಬರಿಗೆ ಏನಾದರೂ ಹೇಳುವಾಗ ದೇವರು ದೊಡ್ಡವನು, ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳಬೇಡಿರಿ ಎಂದು ಹೇಳುವುದುಂಟು. ನನಗೂ ಹಾಗೆ ಹೇಳಿದವರಿದ್ದರು. ಹೂಂ ಹೂಂ ಅಂದು ಕಳಿಸುತ್ತಿದ್ದೆ. ಈಗ ಯಾವುದಾದರೊಂದು ಪಡಸಾಲೆಯಲ್ಲಿ ಹಾಸಿಗೆ ಹಿಡಿದು ಮಲಗಿರುವ ನಿಮಗೆ ನಾನು ಖರೆ ಮಾತನ್ನೇ ಹೇಳುತ್ತೇನೆ: ನನ್ನನ್ನು ದಿನಾ ಮುಂಜಾನೆ ಎಬ್ಬಿಸಿ ಕೂರಿಸಿದ್ದು ಸಿಟ್ಟು.

ಹಬ್ಬದ ಮರುದಿನವೇ ನನ್ನನ್ನು ಹಿಂದಿನ ಕೋಣೆಗೆ ಹಾಕಿದರು. ಅರಳೆಯ ಗಂಟುಗಳನ್ನು ಒಟ್ಟುವ ಕೋಣೆ ಅದು. ಕಿಟಕಿ ಇಲ್ಲ. ಉಸಿರೆಳೆದರೆ ಮೂಗಿನೊಳಗೆ ಅರಳೆಯ ಎಳೆ. ಚನ್ನಕ್ಕ ಕುಂಬಾರರ ಮನೆಯಿಂದ ನನಗಾಗಿ ಒಂದು ಬುಟ್ಟಿ ಮಣ್ಣಿನ ಕುಡಿಕೆ ತರಿಸಿದಳು. ನೀರು ಕುಡಿದ ಮೇಲೆ ಪ್ರತಿ ಸಲ ಕುಡಿಕೆಯನ್ನು ಹಿತ್ತಲ ಗೋಡೆಗೆ ಬಡಿದು ಒಡೆಯಬೇಕು, ಅದನ್ನೂ ನಾನೇ ಮಾಡಬೇಕು. ಫಟ್ ಎಂದು ಸದ್ದಾದರೆ ನನಗೆ ನೀರಡಿಕೆಯಾಗಿತ್ತು ಎಂದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಆಮೇಲಾಮೇಲೆ ನೀರು ಕೇಳುವುದನ್ನೇ ಕಡಿಮೆ ಮಾಡಿದೆ.

ನನ್ನ ಮಗಳು ಪಾರೂಗೆ ಆಗ ಎರಡು ವರ್ಷ ತುಂಬಿತ್ತು. ಬಾಗಿಲ ಹೊರಗೆ ಬಂದು "ಅವ್ವಾ" ಅನ್ನುತ್ತಿತ್ತು. ಚನ್ನಕ್ಕ ಬಂದು ಎತ್ತಿಕೊಂಡು ಹೋಗುತ್ತಿದ್ದಳು. "ಅಲ್ಲಿ ಗುಮ್ಮ ಐತಿ, ನಾನs ನಿಮ್ಮವ್ವ ನಡಿ" ಅನ್ನುವುದು ನನಗೆ ಕೇಳುತ್ತಿತ್ತು. ಕೂಸನ್ನು ನನ್ನಿಂದ ದೂರ ಇಟ್ಟದ್ದು ತಪ್ಪಲ್ಲ, ಇಡಲೇಬೇಕಾಗಿತ್ತು. ಗುಮ್ಮ ಅಂದದ್ದಕ್ಕೆ ಮಾತ್ರ ಇಂದಿಗೂ ಕ್ಷಮೆ ಇಲ್ಲ.

ಒಂದು ಮಧ್ಯಾಹ್ನ ಅಂಗಳದಲ್ಲಿ ಓಣಿಯ ಹೆಂಗಸರ ಜೊತೆ ಶೇಂಗಾ ಸುಲಿಯುತ್ತ ಕೂತು ಅವಳು ಹೇಳಿದ ಮಾತೂ ಕಿವಿಗೆ ಬಿತ್ತು.

"ಮಾವಿನ ಗಿಡಕ್ಕ ಬದನಿಕಿ ಹತ್ತತೈತಿ ನೋಡವ್ವಾ, ಹಂಗ ನಮ್ಮ ಮನಿಗೆ ಹತ್ಯಾಳ. ಗಿಡ ಒಣಗೂತನಕ ಬಿಡೂದಿಲ್ಲ. ಮೈದುನನ ಮಾರಿ ನೋಡಿದ್ರ ಹೊಟ್ಟಿ ಉರೀತೈತಿ. ನಮ್ಮ ತಂಗಿ ಇದ್ದಾಳ, ಈ ಬದನಿಕಿ ಉದುರಿದ ಮ್ಯಾಲ ಆಕೀನ್ನ ತಂದು ಮನಿ ಹಸನ ಮಾಡೂದು."

ನಾನು ಇನ್ನೂ ಸತ್ತಿರಲಿಲ್ಲ. ನನ್ನ ಜಾಗಕ್ಕೆ ಅವಳ ತಂಗಿ ಗೊತ್ತಾಗಿದ್ದಳು.

ನನ್ನಪ್ಪ ಚಕ್ಕಡಿ ಮಾಡಿಕೊಂಡು ಬಂದು ನನ್ನನ್ನು ಧಾರವಾಡದ ತವರಿಗೆ ಕರೆದೊಯ್ದ. ನಾನು ಹತ್ತುವಾಗ ಚನ್ನಕ್ಕ ಉಳಿದ ಕುಡಿಕೆಗಳ ಬುಟ್ಟಿಯನ್ನು ತಂದು ನನ್ನ ಕಾಲ ಬಳಿ ಇಟ್ಟಳು. "ಒಯ್ಯಿ, ಅಲ್ಲೂ ಬೇಕಾಗ್ತಾವ" ಅಂದಳು. ಪಾರೂ ಅವಳ ಕಂಕುಳಲ್ಲಿತ್ತು. ನನ್ನ ಗಂಡ ಕಂಬಕ್ಕೆ ಆತು ನಿಂತು ಎತ್ತಿನ ಕೊಂಬು ನೋಡುತ್ತಿದ್ದರು. ಕೆಟ್ಟವರಲ್ಲ ಅವರು. ಯಾರು ಜೋರು ಮಾತಾಡುತ್ತಾರೋ ಅವರ ಕಡೆ ಬಾಗುವ ಮನುಷ್ಯ, ಅಷ್ಟೇ. ಆಗ ನನಗೆ ಜೋರು ಮಾತಾಡುವಷ್ಟು ಉಸಿರು ಇರಲಿಲ್ಲ.

ಚಕ್ಕಡಿಯಲ್ಲಿ ಮಲಗಿ ನಾನು ಎರಡು ಬೇಡಿಕೆ ಮಾಡಿಕೊಂಡೆ. ಪಾರೂ ಚನ್ನಕ್ಕನಿಗೆ ಕೇಳುವ ಹಾಗೆ ನನ್ನನ್ನು ಅವ್ವ ಅನ್ನಬೇಕು. ಚನ್ನಕ್ಕ ತನ್ನ ಕೈಯಾರೆ ಹಿತ್ತಾಳೆ ತಂಬಿಗೆಯಲ್ಲಿ ನನಗೆ ನೀರು ಕೊಡಬೇಕು. ದೇವರಲ್ಲಿ ಆಯುಷ್ಯ ಕೇಳಲಿಲ್ಲ. ಇವೆರಡಕ್ಕೆ ಬೇಕಾಗುವಷ್ಟು ದಿನ ಕೊಡು ಅಂದೆ.

ಧಾರವಾಡದ ಆಸ್ಪತ್ರೆಯ ಪಡಸಾಲೆಯಲ್ಲಿ ಕಾಯುವುದು ಹೇಗೆಂದರೆ, ಎಲ್ಲರೂ ಎಲ್ಲರ ಕೆಮ್ಮು ಕೇಳುತ್ತ ತಮ್ಮದಕ್ಕಿಂತ ಅದು ಹಗುರವೋ ಭಾರವೋ ತೂಗುತ್ತಿರುತ್ತಾರೆ. ಒಣ ಕೆಮ್ಮಿನವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಡಾಕ್ಟರರು ವಯಸ್ಸಾದವರು. ನನ್ನ ಬೆನ್ನ ಮೇಲೆ ಬೆರಳಿಟ್ಟು ಬಡಿದು ನೋಡಿದರು, ಕಫ ಪರೀಕ್ಷೆಗೆ ಕಳಿಸಿದರು, ಆಮೇಲೊಂದು ದಿನ ಕರೆದು ಅವ್ವನ ಕಡೆ ತಿರುಗಿ ಕ್ಷಯ ಎಂದರು. ಅವ್ವ ಬಾಯಿಗೆ ಸೆರಗು ಇಟ್ಟುಕೊಂಡು ಅತ್ತಳು. ಅವರು ಅಳುವುದಕ್ಕೆ ಸ್ವಲ್ಪ ಹೊತ್ತು ಕೊಟ್ಟು ಆಮೇಲೆ ಬೈದರು.

"ಅಮ್ಮಾ, ಹುಡಿಗೀನ್ನ ಹೊಚ್ಚಿ ಮುಚ್ಚಿ ಕತ್ತಲಿ ಕ್ವಾಣ್ಯಾಗ ಇಟ್ಟಿದ್ರೇನು? ಆಕಿಗೆ ಬೇಕಾದ್ದು ಗಾಳಿ. ಹಗಲೂ ರಾತ್ರೀ ಹೊರಗ ಪಡಸಾಲ್ಯಾಗ ಮಲಗಸ್ರಿ. ಹಾಲು, ಬೆಣ್ಣಿ, ತತ್ತಿ ಕೊಡ್ರಿ. ಮೀನೆಣ್ಣಿ ಬರದು ಕೊಡ್ತೇನಿ."

"ನಾವು ಲಿಂಗವಂತರ್ರೀ ಸಾಹೇಬ್ರ" ಅಂದಳು ಅವ್ವ.

"ಅದು ನನಗ ಗೊತ್ತೈತಮ್ಮಾ. ಈ ಬ್ಯಾನಿಗೆ ಗೊತ್ತಿಲ್ಲ."

ತತ್ತಿ ಅವ್ವನ ಕೈಯಲ್ಲಿ ಆಗಲೇ ಇಲ್ಲ. ಮೀನೆಣ್ಣೆಯ ಬಾಟಲಿ ಮಾತ್ರ ಬಂತು. ಮನೆಯೊಳಗೆ ತರುವ ಹಾಗಿಲ್ಲ ಎಂದು ಹಿತ್ತಲಿನ ನುಗ್ಗೆಗಿಡಕ್ಕೆ ದಾರದಿಂದ ಕಟ್ಟಿದರು. ಅಪ್ಪ, "ಮೀನು ಅನಬ್ಯಾಡ, ಬರೇ ಎಣ್ಣಿ ಅನ್ನು" ಅಂದ. ಅವ್ವ ದಿನಾ ಮೂಗು ಮುಚ್ಚಿಕೊಂಡು ಶಿವಶಿವ ಎನ್ನುತ್ತ ಚಮಚಕ್ಕೆ ಸುರಿಯುವಳು. ಕುಡಿದದ್ದು ನಾನು, ಮುಖ ಕಿವುಚಿದ್ದು ಅವಳು. ಕಾಯಿಲೆಯ ಮನೆಯಲ್ಲಿ ನಗು ಇರುವುದಿಲ್ಲ ಎಂದು ತಿಳಿದಿದ್ದೆ. ನುಗ್ಗೆಗಿಡದ ಕೆಳಗೆ ಅವ್ವನ ಮುಖ ನೋಡಿ ನಾನು ಎಷ್ಟು ನಕ್ಕಿದ್ದೇನೆಂದರೆ, ನಕ್ಕದ್ದಕ್ಕೆ ಕೆಮ್ಮು ಬಂದು ಅವಳಿಂದಲೇ ಬೈಸಿಕೊಂಡಿದ್ದೇನೆ.

ಅಪ್ಪ ಅಳ್ನಾವರ ಸ್ಟೇಶನ್ನಿನಲ್ಲಿ ಗುಮಾಸ್ತ. ದಾಂಡೇಲಿಯ ಕಾಡಿನಿಂದ ದೊಡ್ಡ ದೊಡ್ಡ ದಿಮ್ಮಿಗಳು ಅಲ್ಲಿಗೆ ಬಂದು ಬೀಳುತ್ತಿದ್ದವು. ತೊಗಟೆಗೆ ಅಂಟಿಕೊಂಡು ಏನೇನೋ ಗಿಡಗಳು ಬರುವವು, ಗಾಡಿಗೆ ಏರಿಸುವ ಮೊದಲು ಅವನ್ನು ಕೆರೆದು ಒಗೆಯುವರು. ಒಂದು ಶನಿವಾರ ಅಪ್ಪ ಅಂಥವನ್ನು ಧೋತರದ ತುದಿಯಲ್ಲಿ ಕಟ್ಟಿಕೊಂಡು ಬಂದ. ದಪ್ಪ ಪಟ್ಟಿಯಂಥ ಎಲೆ, ಕೆಳಗೆ ಎರೆಹುಳದ ಹಾಗೆ ಜೋತುಬಿದ್ದ ಬಿಳಿ ಬೇರು. ಸೀತಾಳಿ ದಂಡೆ ಅನ್ನುತ್ತಾರಂತೆ, ಜಡೆಗೆ ಇಳಿಬಿಡುವ ದಂಡೆಯ ಹಾಗೆ ಹೂ ಬಿಡುತ್ತದಂತೆ.

ಅವ್ವ ನೋಡಿ ಹೌಹಾರಿದಳು. "ಬದನಿಕಿ ತಂದೀರಿ? ಮನ್ಯಾಗ ಬ್ಯಾನಿ ಇರೂದು ಸಾಲಲಿಲ್ಲೇನು?"

ಆ ಶಬ್ದ ಕೇಳಿ ನನ್ನ ಎದೆಯಲ್ಲಿ ಮತ್ತೆ ಹಳೆಯ ಗಾಯ ಬಿಚ್ಚಿತು. "ಇರ್ಲಿ ಬಿಡವ್ವಾ, ಜೋಡಿ ಆತು" ಅಂದೆ.

ಅಪ್ಪ ನನ್ನ ಮುಖ ನೋಡಿದ. ಒಂದು ಗಿಡವನ್ನು ತೊಗಟೆಯ ಚೂರಿನ ಸಮೇತ ತೆಗೆದು, ಬೇರನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ನನ್ನ ಮುಂದೆ ಹಿಡಿದ. "ನೋಡಿಲ್ಲಿ. ಬದನಿಕಿ ಆಗಿದ್ರ ಬೇರು ಒಳಗ ಹೊಕ್ಕು ಗಿಡದ ರಸಾ ಕುಡೀಬೇಕಾಗಿತ್ತು. ಇದು ತೊಗಟಿ ಸೈತ ಹರದಿಲ್ಲ. ಬರೇ ಮ್ಯಾಲ ಕುಂತೈತಿ. ಗಾಳಿ ತಿಂತೈತಿ, ಇಬ್ಬನಿ ಕುಡೀತೈತಿ. ಯಾರ ಹಂಗೂ ಇಲ್ಲ ಇದಕ್ಕ."

ಬೇರು ಎದ್ದ ಜಾಗದಲ್ಲಿ ತೊಗಟೆ ಹಾಗೇ ಇತ್ತು, ಒಂದು ಗೀರು ಕೂಡ ಇಲ್ಲದೆ. ನಾನು ಬೆರಳಿಟ್ಟು ಸವರಿ ನೋಡಿದೆ. ಇದನ್ನು ಹುಬ್ಬಳ್ಳಿಯ ಅಂಗಳದಲ್ಲಿ, ಶೇಂಗಾ ಸುಲಿಯುವವರ ನಡುವೆ ಹಿಡಿದು ತೋರಿಸಬೇಕು ಎನಿಸಿತು.

ಆದರೆ ನಾವು ಎರೆಹೊಲದ ಮಂದಿ. ಕರಿಮಣ್ಣು ಒಂದಿದ್ದರೆ ಕಲ್ಲು ಕೂಡ ಚಿಗುರುತ್ತದೆ ಎಂದು ನಂಬಿದವರು. ಅವ್ವ ಗಿಡದ ಮೇಲಿನ ಹೆದರಿಕೆ ಹೋದೊಡನೆ ಪ್ರೀತಿಗೆ ಬಿದ್ದಳು. ಹೊಲದಿಂದ ಒಳ್ಳೆಯ ಎರೆಮಣ್ಣು ತರಿಸಿ, ಹಳೆಯ ಗೊಬ್ಬರ ಕಲಸಿ, ಗಡಿಗೆಗಳಲ್ಲಿ ಕುತ್ತಿಗೆಯವರೆಗೂ ಹೂತು, ಎರಡು ಹೊತ್ತು ನೀರು ಹೊಯ್ದಳು. ಕೂಸಿಗೆ ಉಣಿಸಿದ ಹಾಗೆ ಉಣಿಸಿದಳು. ಎಲೆ ಹಳದಿಯಾದವು, ಆಮೇಲೆ ಬುಡದಿಂದ ವಾಸನೆ ಬಂತು. ಒಂದೊಂದೇ ಗಿಡ ಕೈಯಲ್ಲಿ ಹಿಡಿದರೆ ಬೆಂದ ಬದನೆಕಾಯಿಯ ಹಾಗೆ ಕಳಚಿ ಬಂತು. ಅವ್ವ ಗಡಿಗೆಗಳನ್ನು ನನ್ನ ಕಣ್ಣಿಗೆ ಬೀಳದಂತೆ ಹಿತ್ತಲಿಗೆ ಸಾಗಿಸಿ ಅಲ್ಲೇ ಕೂತು ಅತ್ತಳು. ಗಿಡಕ್ಕಾಗಿ ಅಲ್ಲ ಎಂದು ನನಗೆ ಗೊತ್ತಿತ್ತು.

ನಾನು ಮಲಗಿದಲ್ಲಿಂದಲೇ ಯೋಚಿಸಿದೆ. ಕತ್ತಲೆಯ ಕೋಣೆಯಲ್ಲಿ ಹೊಚ್ಚಿ ಇಟ್ಟಾಗ ನನ್ನ ಎದೆ ಕೊಳೆಯಿತು. ಪಡಸಾಲೆಗೆ ತಂದು ಹಾಕಿದ ಮೇಲೆ ಜ್ವರ ಇಳಿಯಿತು. ಇವಕ್ಕೂ ಅದೇ ಇರಬೇಕು. ಇನ್ನಷ್ಟು ಗಿಡ ತಾ ಎಂದು ಅಪ್ಪನಿಗೆ ಹೇಳಿದೆ. ಗಡಿಗೆಗಳ ಹೊಟ್ಟೆಗೆ ಅವನ ಕೈಯಿಂದ ತೂತು ಹೊಡೆಸಿದೆ. ಮಣ್ಣಿನ ಬದಲು ಏನು ತುಂಬುವುದು?

ಹುಬ್ಬಳ್ಳಿಯಿಂದ ಬಂದ ಕುಡಿಕೆಗಳು ಇದ್ದವಲ್ಲ. ಅವ್ವ ನನಗೆ ಪ್ರತ್ಯೇಕವಾದ ಒಂದು ತಂಬಿಗೆ ಇಟ್ಟು ದಿನಾ ಕುದಿಯುವ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದಳು, ಕುಡಿಕೆ ಮುಟ್ಟಲು ಬಿಟ್ಟಿರಲಿಲ್ಲ. ಬುಟ್ಟಿ ತರಿಸಿಕೊಂಡೆ. ಹಾಸಿಗೆಯ ಪಕ್ಕದಲ್ಲಿ ಒರಳುಗಲ್ಲಿಟ್ಟು ಒಂದೊಂದನ್ನೇ ಒಡೆದೆ. ಒಂದಕ್ಕೆ ಕಣಕದ ಹೆಸರು ಹೇಳಿದೆ, ಒಂದಕ್ಕೆ ಬೆರಳಿನದು, ಒಂದಕ್ಕೆ ಗುಮ್ಮನದು. ಚೂರುಗಳನ್ನು ಇದ್ದಲಿಯ ಜೊತೆ ಬೆರೆಸಿ ಗಡಿಗೆಗೆ ತುಂಬಿ, ಗಿಡವನ್ನು ಮೇಲೆ ಕೂರಿಸಿ ತೆಂಗಿನ ನಾರಿನಿಂದ ಕಟ್ಟಿದೆ. ಅಪ್ಪ ಅವನ್ನೆಲ್ಲ ಪಡಸಾಲೆಯ ಜಂತಿಗೆ ನೇತುಹಾಕಿದ.

ಅವುಗಳ ಭಾಷೆ ಕಲಿಯಲು ನನಗೆ ಬೇಕಾದಷ್ಟು ವೇಳೆ ಇತ್ತು. ಬೇರು ಬೆಳ್ಳಿಯಂತೆ ಬೆಳ್ಳಗಾದರೆ ನೀರಡಿಕೆ. ನೀರು ಚಿಮುಕಿಸಿದರೆ ಕಣ್ಣೆದುರೇ ಹಸಿರಾಗುತ್ತದೆ. ಹಸಿರಾಗಿದ್ದಾಗ ಮುಟ್ಟಬಾರದು. ಬೇಸಿಗೆಯ ಬಿಸಿಗಾಳಿಗೆ ಎಲೆ ಸುಕ್ಕಾದಾಗ ಜಂತಿಯಿಂದ ಗೋಣಿತಟ್ಟು ಇಳಿಬಿಟ್ಟು ತೋಯಿಸಿದೆ. ಆ ತಂಪು ನನಗೂ ಸಿಕ್ಕಿತು. ನೀರು ಹಾಕುವಾಗ ಬಾಯಿಗೆ ಸೆರಗು ಬಿಗಿದುಕೊಳ್ಳುತ್ತಿದ್ದೆ. ಒಂದು ಮುಂಜಾನೆ ಬೇರಿನ ತುದಿಯಲ್ಲಿ ಗಿಳಿಯ ಕೊಕ್ಕಿನಂಥ ಹಸಿರು ಮೊನೆ ಮೂಡಿತ್ತು. ಅದು ಮೆಲ್ಲಗೆ ಬೆಳೆದು ಕುಡಿಕೆಯ ಚೂರೊಂದನ್ನು ತಬ್ಬಿ ಹಿಡಿಯಿತು. ನೋಡುತ್ತ ನನಗೆ ಸಂತೋಷವಾಯಿತು ಅನ್ನಲೇ? ಹಲ್ಲು ಕಡಿದು ಸಂತೋಷಪಡುವುದುಂಟಲ್ಲ, ಹಾಗೆ.

ಮೊದಲ ವರ್ಷ ಹೂ ಬರಲಿಲ್ಲ. ನನ್ನ ಎದೆಯೂ ಅರ್ಧ ದಾರಿಗೆ ನಿಂತುಬಿಟ್ಟಿತು. ಡಾಕ್ಟರರು ಮಿರಜಿಗೆ ಕಳಿಸಿದರು. ಅಲ್ಲಿ ಪಕ್ಕೆಲುಬಿನ ನಡುವೆ ಸೂಜಿ ಚುಚ್ಚಿ ಗಾಳಿ ತುಂಬುತ್ತಾರೆ, ಕೆಟ್ಟ ಕಡೆಯ ಪುಪ್ಪುಸ ಸುಮ್ಮನೆ ಮಡಚಿ ಮಲಗಲಿ ಎಂದು. ಸೂಜಿ ಕಂಡರೆ ಹೆದರಿಕೆ, ಕಾಯುವುದು ಅದಕ್ಕಿಂತ ಹೆಚ್ಚು. ಅಪ್ಪನ ರೈಲ್ವೆ ಪಾಸಿನಲ್ಲಿ ಮತ್ತೆ ಮತ್ತೆ ಹೋಗಿ ಅದೇ ಬೆಂಚಿನ ಮೇಲೆ ಕೂರುತ್ತಿದ್ದೆವು.

ಆ ಬೆಂಚಿನ ಮೇಲೆ ಸಾತಾರೆಯ ಕಡೆಯ ಒಬ್ಬ ಹೆಂಗಸು ಪರಿಚಯವಾದಳು. ಹೆಸರು ತಾನೂಬಾಯಿ. ಮೊದಲ ದಿನ ನಾನು ಕೆಮ್ಮಿ ಕೆಮ್ಮಿ ಸುಸ್ತಾದಾಗ ತನ್ನ ತಾಮ್ರದ ತಂಬಿಗೆಯನ್ನು ನನ್ನ ಮುಂದೆ ಹಿಡಿದು "ಘ್ಯಾ" ಅಂದಳು. ಕೈ ಬೊಗಸೆ ಮಾಡಿದೆ. ಅವಳು ತಲೆ ಆಡಿಸಿ ತಂಬಿಗೆಯನ್ನೇ ನನ್ನ ತುಟಿಗೆ ಹಚ್ಚಿದಳು. ಅವಳದೂ ಅದೇ ಬೇನೆ, ಇನ್ನು ಹೆದರುವುದು ಏನಿತ್ತು? ಡಾಕ್ಟರರು ಕಂಡಿದ್ದರೆ ಇಬ್ಬರನ್ನೂ ಬೈಯುತ್ತಿದ್ದರು. ಆದರೆ ಇನ್ನೊಬ್ಬರ ತಂಬಿಗೆಗೆ ನನ್ನ ತುಟಿ ತಾಗಿ ಎಷ್ಟು ಕಾಲವಾಗಿತ್ತೆಂದರೆ, ನಾನು ಅತ್ತುಬಿಟ್ಟೆ.

ಅವಳ ಅರೆಗನ್ನಡ, ನನ್ನ ಮುರುಕು ಮರಾಠಿ. ಯಾರಿಗಾಗಿ ಗುಣವಾಗಬೇಕು ಅಂತೀಯಾ ಎಂದು ಕೇಳಿದಳು. ಮಗಳಿಗಾಗಿ ಅಂದೆ. ಮತ್ತೆ ಯೋಚಿಸಿ, ನನ್ನ ನೆಗೆಣ್ಣಿಗಾಗಿ ಕೂಡ ಅಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗೂ ಒಬ್ಬ ಅತ್ತೆ ಇದ್ದಳು. ಉಳಿದ ಹೆಂಗಸರು ಅಡುಗೆಯ ಮಾತಾಡಿದ ಹಾಗೆ ನಾವು ಸೇಡಿನ ಮಾತಾಡುತ್ತಿದ್ದೆವು, ಇದಕ್ಕೆ ಸ್ವಲ್ಪ ಖಾರ ಕಮ್ಮಿಯಾಯಿತು, ಅದಕ್ಕೆ ಒಗ್ಗರಣೆ ಇನ್ನೊಂದಿಷ್ಟು ಬೇಕು ಎಂದು. ಒಂದು ಸಲ ಹೋದಾಗ ಬೆಂಚಿನ ಮೇಲೆ ಅವಳ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ರೈಲಿನಲ್ಲಿ ಮರಳುವಾಗ ಅವಳ ಪಾಲಿನ ಸಿಟ್ಟನ್ನೂ ನಾನೇ ಹೊತ್ತುಕೊಂಡೆ.

ಎರಡನೆಯ ಬೇಸಿಗೆಯ ಹೊತ್ತಿಗೆ ಡಾಕ್ಟರರು ಕಫ ಪರೀಕ್ಷೆ ಮಾಡಿಸಿ ಏನೂ ಇಲ್ಲ ಅಂದರು. ಮತ್ತೊಮ್ಮೆ ಮಾಡಿಸಿ ಮತ್ತೆ ಅದೇ ಮಾತು ಹೇಳಿದರು. ಅದೇ ದಿನಗಳಲ್ಲಿ ಸೀತಾಳಿಗಳ ಎಲೆಸಂದಿನಿಂದ ಮೊಗ್ಗಿನ ಗೊನೆ ಇಳಿಯಿತು. ಮೊಳಕೈಯುದ್ದದ ದಂಡೆ, ಬಿಳಿಯ ಮೇಲೆ ನಸುಗೆಂಪು ಚುಕ್ಕಿ, ನರಿಯ ಬಾಲದ ಹಾಗೆ ತುಂಬಿಕೊಂಡು ತೂಗಿತು. ಓಣಿಯವರೆಲ್ಲ ನೋಡಲು ಬಂದರು. ಕ್ಷಯದ ಮನೆಯೆಂದು ದಾರಿಯ ಆಚೆ ಬದಿಗೆ ಸರಿದು ಹೋಗುತ್ತಿದ್ದವರು ಕಟ್ಟೆಗೆ ಬಂದು ಕೂತರು.

ನನ್ನ ಗಂಡ ಅರಳೆಯ ಕೆಲಸಕ್ಕೆ ಧಾರವಾಡಕ್ಕೆ ಬಂದಾಗಲೆಲ್ಲ ಮನೆಯಲ್ಲಿ ಹೇಳದೆ ನಮ್ಮಲ್ಲಿಗೆ ಬರುತ್ತಿದ್ದರು. ನುಗ್ಗೆಗಿಡದ ಕೆಳಗೆ ಕೂತು ಪಾರೂನ ಸುದ್ದಿ ಹೇಳುವರು. ಅವತ್ತು ಹೂ ನೋಡಿ ಬಾಯಿ ತೆರೆದರು.

"ಎರಡು ಒಯ್ಲೇನು? ನಮ್ಮಪ್ಪನ ಪೂಜೆಗೆ ಆಗ್ತಾವು."

ಈ ಹೂವಿನಿಂದ ಬೇನೆ ಹರಡುತ್ತದೆಯೇ ಎಂದು ನಾನು ಆಗಲೇ ಡಾಕ್ಟರರನ್ನು ಕೇಳಿಟ್ಟುಕೊಂಡಿದ್ದೆ. ಪಾರೂ ಮುಟ್ಟಬಹುದಾದ ಯಾವುದನ್ನೂ ಕೇಳದೆ ಕಳಿಸುವವಳಲ್ಲ ನಾನು. ಅವರು ನಕ್ಕು, ಈಗ ನಿನ್ನಿಂದಲೇ ಹರಡುವುದಿಲ್ಲ, ಹೂವಿನಿಂದ ಎಲ್ಲಿಯದು ಎಂದಿದ್ದರು. ಕೊಯ್ದು ಕೊಟ್ಟೆ. "ಯಾರು ಕೊಟ್ಟರು ಅಂತ ಕೇಳಿದ್ರ?" ಅಂದೆ. "ಧಾರವಾಡದ ದೋಸ್ತ ಕೊಟ್ಟ ಅಂತೇನಿ" ಅಂದರು.

ಮುಂದಿನ ಸಲ ಬಂದವರು ತಲೆ ಕೆರೆದುಕೊಂಡರು. "ನಮ್ಮಪ್ಪ ಲಿಂಗದ ಮ್ಯಾಲ ಏರಿಸಿ ಕಣ್ಣಿಗೆ ಒತ್ತಿಕೊಂಡ್ರು. ವೈನಿ ಒಂದು ತುರುಬಿಗೆ ಇಟ್ಗೊಂಡ್ಲು. ಏನ್ ಛಲೋ ಹೂ, ನಿಮ್ಮ ದೋಸ್ತನ ಕೈ ಭಾಳ ಸ್ವಚ್ಛ ಇರಬೇಕು, ಮತ್ತ ತರ್ರಿ ಅಂದ್ಲು."

ನನ್ನ ಕೈ ಸ್ವಚ್ಛ ಎಂದು ಚನ್ನಕ್ಕನೇ ಹೇಳಿದ್ದಳು! ಅವತ್ತು ನಾನು ಎರಡು ರೊಟ್ಟಿ ಹೆಚ್ಚಿಗೆ ಉಂಡೆ. ಆಮೇಲೆ ಅವರು ಬಂದಾಗಲೆಲ್ಲ ಹೂ ಕಟ್ಟಿಕೊಟ್ಟೆ.

ಮುಂಗಾರಿನ ಮಿರ್ಗದ ಮಳೆ ಇನ್ನೂ ಬಿದ್ದಿರಲಿಲ್ಲ. ಒಂದು ದಿನ ಅವರು ಬಂದು ನನ್ನ ಮುಖ ನೋಡದೆ ಹೇಳಿದರು.

"ನೀಲಾ, ಬರೂ ಸೋಮವಾರ ಕುಂಕುಮ ಹಚ್ಚೂ ಶಾಸ್ತ್ರ ಇಟ್ಟಾರ. ವೈನಿ ತಂಗೀದು, ನನ್ನ ಜೋಡಿ. ನಾ ಬ್ಯಾಡ ಅಂದೆ. ನೀಲಾ ಈ ಮಳಿಗಾಲ ದಾಟೂದಿಲ್ಲ, ಕೂಸಿಗೆ ಯಾರದಾರ ಅಂತಾಳ ವೈನಿ. ನಿನಗ ಗುಣ ಆಗೇತಿ ಅಂದ್ರ, ಅದು ಸಾಯೂ ಮುಂದಿನ ಕಳಿ ಅಂತಾಳ. ನಾ ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ್ರಿ. ಹೂ ಒಯ್ಯೂದು ಮಾತ್ರ ಬಿಡಬ್ಯಾಡ್ರಿ. ಶಾಸ್ತ್ರಕ್ಕ ಅಂತ ಬುಟ್ಟಿ ತುಂಬ ಕೊಡ್ತೇನಿ."

ಅವರು ಪಾಪ, ನನಗೆ ತಲೆ ಕೆಟ್ಟಿದೆ ಎಂದುಕೊಂಡು ಕಣ್ಣು ತುಂಬಿಕೊಂಡರು. ಒಂದು ಗಿಡದ ದಂಡೆಯನ್ನು ಮಾತ್ರ ಕೊಯ್ಯದೆ ಉಳಿಸಿ, ಮಿಕ್ಕಿದ್ದೆಲ್ಲ ಬುಟ್ಟಿಗೆ ತುಂಬಿಸಿ ಕಳಿಸಿದೆ.

ಸೋಮವಾರ ಮುಂಜಾನೆಯ ರೈಲಿಗೆ ಅಪ್ಪನ ಜೊತೆ ಹುಬ್ಬಳ್ಳಿಗೆ ಹೋದೆ. ಆ ಒಂದು ಗಡಿಗೆ ಅಪ್ಪನ ಕೈಯಲ್ಲಿತ್ತು. ಮನೆಯ ಪಡಸಾಲೆ ತುಂಬ ಬೀಗರು. ಜಮಖಾನೆಯ ಮೇಲೆ ಚನ್ನಕ್ಕನ ತಂಗಿ ತಲೆತಗ್ಗಿಸಿ ಕೂತಿತ್ತು, ಜಡೆಯ ತುಂಬ ನನ್ನ ಸೀತಾಳಿ. ಚನ್ನಕ್ಕನ ತುರುಬಿನಲ್ಲಿ ನನ್ನ ಸೀತಾಳಿ. ಅವಳ ನಿರಿಗೆ ಹಿಡಿದು ನಿಂತಿದ್ದ ಪಾರೂನ ಗಿಡ್ಡ ಜಡೆಯಲ್ಲೂ ನನ್ನದೇ ಹೂ. ಎಷ್ಟು ಬೆಳೆದಿತ್ತು ಕೂಸು! ನನ್ನನ್ನು ನೋಡಿತು, ಯಾರೋ ಬಂದಿದ್ದಾರೆ ಎಂದು ನೋಡಿದ ಹಾಗೆ. ಒಳಗಿನ ಮೂಲೆಯಲ್ಲಿ ಮಾವನವರು ಅಂಗೈಯ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದರು. ಅಲ್ಲೂ ಅದೇ ಹೂ.

ನಾನು ಹೊಸ್ತಿಲಿಗೆ ಬಂದೆ.

"ಅಲ್ಲೇ ನಿಂದ್ರು!" ಚನ್ನಕ್ಕ ಅಡ್ಡ ಬಂದಳು. "ಮನ್ಯಾಗ ಮಂಗಳ ಕಾರ್ಯ ನಡದೈತಿ, ಮಕ್ಕಳು ಮರಿ ಅದಾವು. ಒಳಗ ಕಾಲಿಡಬ್ಯಾಡ. ನಿನ್ನ ಕೈ ತಾಗಿದ್ದು ಒಂದೂ ಈ ಹೊಸ್ತಿಲಾ ದಾಟಬಾರದು."

"ಒಂದೂ ದಾಟಬಾರದೇನ್ರಿ ಅಕ್ಕಾ?"

"ಒಂದೂ ದಾಟಬಾರದು!"

"ಹಂಗಾದ್ರ ತುರುಬಿನಾಗ ಏನ್ ಇಟ್ಗೊಂಡೀರಿ?"

ಅವಳ ಕೈ ತಾನಾಗಿ ತಲೆಗೆ ಹೋಯಿತು. ಅಪ್ಪ ಗಡಿಗೆಯನ್ನು ಹೊಸ್ತಿಲ ಹೊರಗೆ ಇಟ್ಟ. ಅದರ ಹೂ, ಅವಳ ತುರುಬಿನ ಹೂ, ಎರಡನ್ನೂ ಎಲ್ಲರೂ ನೋಡಿದರು.

"ಧಾರವಾಡದ ದೋಸ್ತ ನಾನs ರಿ" ಅಂದೆ. "ನೀರು ಹಾಕಿದಾಕಿ ನಾನು, ಕೊಯ್ದಾಕಿ ನಾನು. ಗಡಿಗ್ಯಾಗ ಏನ್ ತುಂಬೇನಿ ಬಗ್ಗಿ ನೋಡ್ರಿ. ನೀವು ಕೊಟ್ಟ ಕುಡಿಕಿ."

ಚನ್ನಕ್ಕ ಹೂವನ್ನು ಹಾವು ಹಿಡಿದವಳ ಹಾಗೆ ಕಿತ್ತು ಒಗೆದಳು. ಅಕ್ಕತಂಗಿಯರ ಅವ್ವ ಕಿರಿಮಗಳ ಜಡೆಗೆ ಕೈ ಹಾಕಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತಿರುಗಿ ಮೂಲೆಯ ಕಡೆ ನೋಡಿದರು. ಮಾವನವರ ಅಂಗೈಯಲ್ಲಿ, ಲಿಂಗದ ಮೇಲೆ ಆ ಹೂ ಇನ್ನೂ ಹಾಗೇ ಇತ್ತು.

ಪೂಜೆಯಲ್ಲಿ ಅವರು ಮಾತಾಡುವವರಲ್ಲ. ಮುಗಿಸಿ, ಹೂವನ್ನು ಕಣ್ಣಿಗೆ ಒತ್ತಿಕೊಂಡು ಕೇಳಿದರು.

"ಚನ್ನವ್ವಾ, ಇದನ್ನೂ ಒಗೀಲೇನು?"

ಅವಳು ತಾನು ಕಿತ್ತು ಒಗೆದ ಹೂವಿನ ಕಡೆ ನೋಡಿದಳು. ಏನೆಂದು ಹೇಳಿಯಾಳು? ಹೂ ಮೈಲಿಗೆ ಎಂದರೆ ಆ ಬೇಸಿಗೆಯ ಪೂಜೆಗಳೆಲ್ಲ ಮೈಲಿಗೆ. ಹೂ ಮೈಲಿಗೆಯಲ್ಲ ಎಂದರೆ ನಾನು ಹೊಸ್ತಿಲ ಹೊರಗೆ ಯಾಕೆ? ಹಾಸಿಗೆಯಲ್ಲಿ ಮಲಗಿ ಮಲಗಿ ನಾನು ಕಟ್ಟಿದ ಗಂಟು ಅದು. ಅದನ್ನು ಬಿಚ್ಚುವ ಬೆರಳು ಅವಳಿಗಿರಲಿಲ್ಲ.

"ಲಿಂಗ ಕಟ್ಟಿದವರಿಗೆ ಎಂಜಲ ಇಲ್ಲ, ಮೈಲಿಗಿ ಇಲ್ಲ ಅಂತ ಊರ ಮಂದಿಗೆ ಹೇಳವರು ನಾವ" ಅಂದರು ಮಾವನವರು. "ಬ್ಯಾನಿ ಮಾತು ಬ್ಯಾರೆ. ಬೀಗರ, ದಾಕ್ತರು ಏನಂತಾರ?"

"ಇಲ್ಲ ಅಂದಾರ್ರಿ. ಎರಡು ಸರತಿ ನೋಡ್ಯಾರ" ಅಂದ ಅಪ್ಪ.

"ಹಂಗಾದ್ರ ನಮ್ಮ ಸೊಸಿ ಬಿಸಿಲಾಗ ಬಂದಾಳ. ನೀರು ಕೊಡು ಚನ್ನವ್ವಾ. ತಂಬಿಗ್ಯಾಗ ಕೊಡು."

ಅಷ್ಟರಲ್ಲಿ ಹುಡುಗಿಯ ಅವ್ವ ಎದ್ದು ನಿಂತಿದ್ದಳು. "ಏನs ಚನ್ನಿ, ಇವತ್ತೋ ನಾಳೆಯೋ ಅಂದಿದ್ದಿ? ಈಕಿ ನೋಡಿದ್ರ ನನಗಿಂತ ನೆಟ್ಟಗ ನಿಂತಾಳ! ಸವತಿ ಮ್ಯಾಲ ಮಗಳನ್ನ ಕೊಡಾಕ ನಾವೇನ್ ದಿಕ್ಕಿಲ್ಲದವರೇನು?" ಮಗಳ ಕೈ ಹಿಡಿದು ನನ್ನ ಪಕ್ಕದಿಂದಲೇ ಹೊರಗೆ ನಡೆದಳು. ಆ ಹುಡುಗಿ ನನ್ನನ್ನು ದಾಟುವಾಗ ಉಸಿರು ಬಿಟ್ಟದ್ದು ಕೇಳಿತು. ಅವಳಿಗೂ ಈ ಮದುವೆ ಬೇಕಿರಲಿಲ್ಲ ಎಂದು ಕಾಣುತ್ತದೆ. ಜಡೆಯ ಹೂವನ್ನು ಮಾತ್ರ ಅವಳು ತನ್ನವ್ವನಿಗೆ ತೆಗೆಯಲು ಬಿಟ್ಟಿರಲಿಲ್ಲ.

ಚನ್ನಕ್ಕ ನೀರು ತಂದಳು. ಹಿತ್ತಾಳೆಯ ತಂಬಿಗೆ, ಅವಳದೇ ಕೈ. ನಾವು ಮೇಲೆತ್ತಿ ಕುಡಿಯುವ ರೂಢಿಯವರು. ನಾನು ಎತ್ತಲಿಲ್ಲ. ತಾನೂಬಾಯಿಯನ್ನು ನೆನೆದು ತುಟಿ ಹಚ್ಚಿ, ನಿಧಾನವಾಗಿ, ತಳದವರೆಗೂ ಕುಡಿದೆ. ಆಮೇಲೆ ತಂಬಿಗೆಯನ್ನು ಅವಳ ಮುಂದೆ ಹಿಡಿದು ಕೇಳಿದೆ:

"ಒಡೀಲೇನ್ರಿ ಅಕ್ಕಾ? ಹಿತ್ತಲ ಗ್ವಾಡಿ ಎಲ್ಲೈತಿ ನನಗ ಗೊತ್ತೈತಿ."

ನನ್ನ ಗಂಡ ಅಂದು ಮೊದಲ ಸಲ ಅವಳೆದುರು ನಕ್ಕರು.

ಇನ್ನೊಂದು ಬೇಡಿಕೆ ಅಷ್ಟು ಸುಲಭಕ್ಕೆ ಈಡೇರಲಿಲ್ಲ. ಪಾರೂ ನನ್ನ ಹತ್ತಿರ ಬರಲೊಲ್ಲದು. ಚನ್ನಕ್ಕನ ಹಿಂದೆ ಅವಿತುಕೊಂಡು ನನ್ನನ್ನು ಇಣುಕುವುದು. ಆ ದಿನಗಳಲ್ಲಿ ಸೂಜಿ ಚುಚ್ಚಿಸಿಕೊಂಡದ್ದಕ್ಕಿಂತ ಹೆಚ್ಚು ನೊಂದಿದ್ದೇನೆ. ಗಿಡಗಳನ್ನೆಲ್ಲ ಧಾರವಾಡದಿಂದ ತಂದು ಅಂಗಳದ ಜಂತಿಗೆ ಕಟ್ಟಿದೆ. ಬೇರಿಗೆ ನೀರು ಚಿಮುಕಿಸುತ್ತಿದ್ದಾಗ ಒಂದು ದಿನ ಹಿಂದಿನಿಂದ ಸಣ್ಣ ದನಿ ಬಂತು.

"ಬಿಳೀದು ಹಸರ ಹೆಂಗ ಆತು?"

"ಅದಕ್ಕ ನೀರಡಿಕಿ ಆಗಿತ್ತು. ನೀ ಹಾಕ್ತೀಯೇನು?"

ಆ ಮಳೆಗಾಲ ಪೂರ್ತಿ ಅದು ನನ್ನ ಜೊತೆ ನೀರು ಹಾಕಿತು. ಬೇರು ಬೆಳ್ಳಗಾಯಿತೋ ಇಲ್ಲವೋ ನನಗಿಂತ ಮೊದಲು ಹೇಳುವಂತಾಯಿತು. ಮುಂದಿನ ಬೇಸಿಗೆಯ ಒಂದು ಮುಂಜಾನೆ ಚನ್ನಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಾಗ ಅಂಗಳದಿಂದ ಕೂಗಿತು: "ಅವ್ವಾ, ಮೊಗ್ಗಿ ಬಂದೈತಿ!" ರೊಟ್ಟಿಯ ಸದ್ದು ನಿಂತಿತು. ಕೂಗಿದ್ದು ಯಾರನ್ನು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಪಕ್ಕದಲ್ಲೇ ಇದ್ದೆ, ಆದರೂ ಓಣಿಯ ಆಚೆ ತುದಿಗೆ ಕೇಳುವ ಹಾಗೆ "ಓ" ಎಂದೆ. ನನ್ನ ಎದೆ ಆ ಕೂಗನ್ನು ತಡೆಯಿತು. ಡಾಕ್ಟರರ ಪರೀಕ್ಷೆಗಿಂತ ಅದು ನನಗೆ ದೊಡ್ಡ ಪರೀಕ್ಷೆ.

ಇದೆಲ್ಲ ಆಗಿ ಎಷ್ಟೋ ಕಾಲವಾಯಿತು. ಪಾರೂ ಗಂಡನ ಮನೆಗೆ ಹೋಗಿ ಅಲ್ಲೂ ಗಡಿಗೆ ತೂಗುಹಾಕಿದ್ದಾಳೆ. ಈಗ ಈ ಬೇನೆಗೆ ಹೊಸ ಸೂಜಿಮದ್ದು ಬಂದಿದೆಯಂತೆ, ನಿಮಗೆ ಅದು ಸಿಗಲಿ. ಸಿಗುವವರೆಗೆ ಗಾಳಿಯಲ್ಲಿ ಮಲಗಿರಿ, ಹಾಲು ಕುಡಿಯಿರಿ, ಎದ್ದ ಮೇಲೆ ಯಾರ ಕೈಯಿಂದ ನೀರು ಕುಡಿಯಬೇಕು ಎಂಬುದನ್ನು ಮರೆಯಬೇಡಿರಿ.

ಮನೆ ಭಾಗವಾಗಿ ನಡುವೆ ಗೋಡೆ ಬಂದ ಮೇಲೆ ಚನ್ನಕ್ಕ ಒಂದು ದಿನ ನಮ್ಮ ಅಂಗಳಕ್ಕೆ ಬಂದು, "ನೀಲವ್ವಾ, ನನಗೊಂದು ಸೀತಾಳಿ ಕೊಡು" ಅಂದಳು. ನಾನು ಒಳ್ಳೆಯದನ್ನೇ ಆರಿಸಿ ಕೊಟ್ಟೆ. ಹೇಗೆ ಹಚ್ಚಬೇಕು ಎಂದು ಕೇಳಿದಳು. ಇದ್ದದ್ದು ಇದ್ದ ಹಾಗೆ ಹೇಳಿದೆ: ಮಣ್ಣು ಬೇಡ, ಗೊಬ್ಬರ ಬೇಡ, ಇದ್ದಲಿ ಮತ್ತು ಕುಡಿಕೆಯ ಚೂರು ಸಾಕು, ಬೇರು ಬೆಳ್ಳಗಾದಾಗ ಮಾತ್ರ ನೀರು. ಅವಳು ನನ್ನ ಮುಖವನ್ನೇ ದಿಟ್ಟಿಸಿದಳು. ಇವಳು ನನ್ನ ಗಿಡ ಸಾಯಲಿ ಎಂದೇ ಹೀಗೆ ಹೇಳುತ್ತಿದ್ದಾಳೆ ಎಂಬುದು ಆ ಕಣ್ಣಿನಲ್ಲಿ ಅಚ್ಚೊತ್ತಿದಂತೆ ಕಂಡಿತು. ನಾನು ಬೇಕೆಂದೇ ಇನ್ನಷ್ಟು ಸಿಹಿಯಾಗಿ ಮತ್ತೊಮ್ಮೆ ಹೇಳಿದೆ. ವಾರ ಕಳೆದು ಗೋಡೆಯ ಮೇಲಿಂದ ನೋಡಿದರೆ ಹೊಲದ ಎರೆಮಣ್ಣು, ಮೇಲೆ ಗೊಬ್ಬರ, ಕುತ್ತಿಗೆಯವರೆಗೂ ಹೂತಿದ್ದಾಳೆ, ಎರಡು ಹೊತ್ತು ನೀರು ಹೊಯ್ಯುತ್ತಿದ್ದಾಳೆ. ಪಂಚಮಿಯ ಹೊತ್ತಿಗೆ ಕೊಳೆಯಿತು.

ಅಂದಿನಿಂದ ವರ್ಷಕ್ಕೊಂದು ಗಿಡ ಕೇಳುತ್ತಾಳೆ. ವರ್ಷಕ್ಕೊಂದು ಕೊಡುತ್ತೇನೆ. ಒಂದು ಅಕ್ಷರ ಬಚ್ಚಿಡದೆ ಎಲ್ಲವನ್ನೂ ಹೇಳುತ್ತೇನೆ. ಈ ವರ್ಷವೂ ಮೊನ್ನೆ ಗೋಡೆಯಾಚೆಯಿಂದ ಅವಳ ದನಿ ಬಂತು.

"ನೀಲವ್ವಾ, ಈ ಸಲಾನೂ ಕೊಳೀತಲ್ಲ. ಈ ವಯಸ್ಸಿನ್ಯಾಗರ ಖರೇ ಹೇಳು. ಗಡಿಗ್ಯಾಗ ಏನ್ ಹಾಕ್ತಿ ನೀನು?"

ನಾನು ಸೀತಾಳಿಯ ಬೇರು ನೋಡುತ್ತಿದ್ದೆ, ಆಗಷ್ಟೇ ಹಸಿರಾಗುತ್ತಿತ್ತು.

"ಖರೇನs ಹೇಳೇನ್ರಿ ಅಕ್ಕಾ" ಅಂದೆ. "ಕುಡಿಕಿ ಚೂರು."